ಋಣವಾಗಿ ಬಂದ ವೇರಿಯನ್ಸ್, ಹೊಲದಲ್ಲಿ ಇಲ್ಲದ ಬರ

ಬೆಳಗಾವಿಯಲ್ಲಿ ಸ್ನಾತಕೋತ್ತರ ಓದುತ್ತಿರುವ ನನ್ನ ಅಣ್ಣನ ಮಗಳು ದೀಪಾವಳಿಗೆ ಊರಿಗೆ ಬಂದವಳು, ಪಾಡ್ಯದ ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಳು. "ಕಾಕಾ, ವೇರಿಯನ್ಸ್ ಮೈನಸ್ ಬಂದೈತಿ, ವರ್ಗಮೂಲ ತಗದ್ರ ನ್ಯಾನ್ ಅಂತ ತೋರಸಾಕತ್ತೈತಿ" ಎಂದಳು. ನ್ಯಾನ್ ಎಂದರೆ 'ಇದು ಸಂಖ್ಯೆಯೇ ಅಲ್ಲ' ಎಂದು ಯಂತ್ರ ಕೊಡುವ ಉತ್ತರ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿರುವ ನನಗೆ ಆ ಮಾತು ಕೇಳಿ ಒಳಗೊಳಗೇ ಸಮಾಧಾನವಾಯಿತು. ವೇರಿಯನ್ಸ್ ಎಂದರೆ ಸರಾಸರಿಯಿಂದ ಪ್ರತಿ ಬೆಲೆಯೂ ಎಷ್ಟು ದೂರವಿದೆ ಎಂಬುದರ ವರ್ಗಗಳ ಸರಾಸರಿ. ವರ್ಗಗಳನ್ನು ಕೂಡಿಸಿ ಋಣಸಂಖ್ಯೆ ಬರಲು ಸಾಧ್ಯವೇ ಇಲ್ಲ. ಹಾಗಾಗಿ ಆ ಉತ್ತರ ತಾನು ತಪ್ಪು ಎಂದು ತಾನೇ ಕೂಗಿ ಹೇಳುತ್ತಿತ್ತು. ಉಪಗ್ರಹ ಚಿತ್ರಗಳ ಲೆಕ್ಕಗಳಲ್ಲಿ ಇಂಥ ಪ್ರಾಮಾಣಿಕ ತಪ್ಪುಗಳು ಕಡಿಮೆ. ಹೆಚ್ಚಿನವು ಸರಿಯಾದ ಉತ್ತರದಂತೆಯೇ ಉಡುಪು ತೊಟ್ಟು ಬರುತ್ತವೆ, ಮತ್ತು ಅಂಥದ್ದೇ ಒಂದು ಅವಳ ಅದೇ ಕಡತದಲ್ಲಿ ಕುಳಿತಿತ್ತು ಎಂಬುದು ಆ ದಿನ ಸಂಜೆಯ ಹೊತ್ತಿಗೆ ಗೊತ್ತಾಯಿತು.

ಅವಳ ಕೆಲಸ ಹೀಗಿತ್ತು. ಜಮಖಂಡಿ ತಾಲೂಕಿನ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳು ಮತ್ತು ಆಲಮಟ್ಟಿ ಜಲಾಶಯದ ಹಿನ್ನೀರು 2021ಕ್ಕೂ 2023ಕ್ಕೂ ಹೇಗೆ ಬದಲಾಗಿವೆ ಎಂಬುದನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಅಳೆಯುವುದು. ಯುರೋಪಿನ ಈ ಉಪಗ್ರಹದ ಚಿತ್ರಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಮೊದಲನೆಯದನ್ನು 2015ರಲ್ಲಿ, ಎರಡನೆಯದನ್ನು 2017ರಲ್ಲಿ ಹಾರಿಸಲಾಯಿತು. ಪ್ರತಿ ಬಗೆಯ ಬೆಳಕಿಗೂ ಒಂದೊಂದು ಪಟ್ಟಿ, ಅಂದರೆ ಬ್ಯಾಂಡ್. ಕೆಂಪು ಬೆಳಕಿನ ನಾಲ್ಕನೇ ಪಟ್ಟಿಯಲ್ಲಿಯೂ ಕಣ್ಣಿಗೆ ಕಾಣದ ಅವಕೆಂಪಿನ ಎಂಟನೇ ಪಟ್ಟಿಯಲ್ಲಿಯೂ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ತುಂಡು. ಒಂದು ಚಿತ್ರದಲ್ಲಿ 10,980 ಸಾಲು, 10,980 ಕಂಬ, ಒಟ್ಟು 12,05,60,400 ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್ಲೂ 16 ಬಿಟ್ಟಿನ, ಚಿಹ್ನೆಯಿಲ್ಲದ ಪೂರ್ಣಾಂಕ. ಅಂದರೆ 0ಯಿಂದ 65,535ರವರೆಗಿನ ಬೆಲೆ.

ಈ ಅಂಕಿಗಳನ್ನು ಹೇಳಲು ಕಾರಣವಿದೆ. ಒಂದು ಪಟ್ಟಿ ಹಾಗೆಯೇ ಇದ್ದರೆ ಸುಮಾರು 24 ಕೋಟಿ ಬೈಟ್ ಜಾಗ ಸಾಕು, ಆದರೆ ಅದನ್ನು ದಶಮಾಂಶ ಸಂಖ್ಯೆಗಳನ್ನು ಇಡುವ 64 ಬಿಟ್ಟಿನ ಫ್ಲೋಟ್‌ಗೆ ಬದಲಾಯಿಸಿದರೆ 96 ಕೋಟಿ ಬೈಟ್ ದಾಟುತ್ತದೆ. ಅವಳ ಹಳೆಯ ಲ್ಯಾಪ್‌ಟಾಪ್ ಅಷ್ಟನ್ನು ತಡೆಯದೆ ನಿಂತುಬಿಡುತ್ತಿದ್ದ ಕಾರಣ ಅವಳು ಎರಡು ಉಪಾಯ ಮಾಡಿದ್ದಳು: ಬೆಲೆಗಳನ್ನು 32 ಬಿಟ್ಟಿನ ಫ್ಲೋಟ್ ಆಗಿ ಇಟ್ಟುಕೊಂಡಳು, ಮತ್ತು ಚಿತ್ರವನ್ನು 512 ಸಾಲುಗಳ ಪಟ್ಟೆಗಳಾಗಿ ಓದುತ್ತ ಬೆಲೆಗಳ ಮೊತ್ತವನ್ನೂ ವರ್ಗಗಳ ಮೊತ್ತವನ್ನೂ ಕೂಡಿಸುತ್ತ ಹೋದಳು. ಕೊನೆಯಲ್ಲಿ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದರೆ ವೇರಿಯನ್ಸ್ ಸಿಗುತ್ತದೆ ಎಂದು ನಾವೇ ತರಗತಿಯಲ್ಲಿ ಕಲಿಸುತ್ತೇವೆ. ಕಾಗದದ ಮೇಲೆ ಆ ಸೂತ್ರ ಸಂಪೂರ್ಣ ಸರಿ, ಯಂತ್ರದ ಮೇಲೆ ಅದು ಅಪಾಯಕಾರಿ. ಈ ಎರಡನೆಯ ಮಾತನ್ನು ನಾನೂ ಬಹಳ ವರ್ಷ ತರಗತಿಯಲ್ಲಿ ಹೇಳಿರಲಿಲ್ಲ.

ಏಕೆ ಅಪಾಯ ಎಂಬುದನ್ನು ತೋರಿಸಲು ಕಂಪ್ಯೂಟರ್ ಮುಚ್ಚಿಸಿ, ಕಾಗದ ತೆಗೆದುಕೊಂಡು, ಮೋಡದ ಮೇಲಿನ ಹೊಳೆಯುವ ಮೂರು ಪಿಕ್ಸೆಲ್ ಎಂದುಕೊಂಡು 10001, 10002, 10003 ಎಂದು ಬರೆದೆ. ಸರಾಸರಿ 10002, ವೇರಿಯನ್ಸ್ ಮೂರನೇ ಎರಡು, ಅಂದರೆ 0.667, ಇದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ಈಗ ಯಂತ್ರದ ದಾರಿ ಹಿಡಿಯೋಣ. 32 ಬಿಟ್ಟಿನ ಫ್ಲೋಟ್ ನೆನಪಿಡುವುದು 24 ಬಿಟ್ಟುಗಳಷ್ಟು ಅಂಕಿಗಳನ್ನು ಮಾತ್ರ, ದಶಮಾನದಲ್ಲಿ ಹೆಚ್ಚೆಂದರೆ ಏಳು ಅಂಕಿ. ವರ್ಗಗಳು ಹತ್ತು ಕೋಟಿಯ ಆಸುಪಾಸಿನವು, ಆ ಎತ್ತರದಲ್ಲಿ ಅದಕ್ಕೆ ಬರೆಯಲು ಬರುವುದು ಎಂಟರ ಗುಣಕಗಳು ಮಾತ್ರ. ಹೀಗಾಗಿ 10,00,20,001 ಎಂಬುದು 10,00,20,000 ಆಗುತ್ತದೆ, 10,00,40,004 ಎಂಬುದು 10,00,40,000 ಆಗುತ್ತದೆ, 10,00,60,009 ಎಂಬುದು 10,00,60,008 ಆಗುತ್ತದೆ. ಮೂರನ್ನೂ ಕೂಡಿಸಿದರೆ 30,01,20,008 ಬರಬೇಕು, ಆದರೆ ಮೂವತ್ತು ಕೋಟಿಯ ಎತ್ತರದಲ್ಲಿ ಮೆಟ್ಟಿಲು 32ರದ್ದು, ಆದ್ದರಿಂದ 30,01,20,000 ಉಳಿಯುತ್ತದೆ. ಮೂರರಿಂದ ಭಾಗಿಸಿದರೆ 10,00,40,000. ಸರಾಸರಿಯ ವರ್ಗವೂ 10,00,40,000. ಕಳೆದರೆ ಸೊನ್ನೆ. ಮೂರು ಬೇರೆಬೇರೆ ಪಿಕ್ಸೆಲ್‌ಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ ಎಂದು ಯಂತ್ರ ನಿಸ್ಸಂಕೋಚವಾಗಿ ಹೇಳಿತು. ನಮಗೆ ಬೇಕಾಗಿದ್ದ 0.667 ಇದ್ದದ್ದು ಹತ್ತು ಕೋಟಿಯ ಬಾಲದಲ್ಲಿ, ದುಂಡಾಗಿಸುವಾಗ ಮೊದಲು ಹೋದದ್ದೂ ಆ ಬಾಲವೇ. ಪಿಕ್ಸೆಲ್‌ಗಳ ಸಂಖ್ಯೆ ಮೂರರಿಂದ ಲಕ್ಷಕ್ಕೆ ಏರಿದಾಗ ದುಂಡಾಗಿಸಿದ ತಪ್ಪುಗಳು ಎತ್ತ ಬೇಕಾದರೂ ವಾಲಬಹುದು, ಆಗ ಉತ್ತರ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಆಲಮಟ್ಟಿಯ ನಿಂತ ನೀರಿನಂಥ, ಪಿಕ್ಸೆಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುವ ಜಾಗದಲ್ಲಿಯೇ ಅವಳಿಗೆ ಋಣ ವೇರಿಯನ್ಸ್ ಬಂದದ್ದು ಆಕಸ್ಮಿಕವಲ್ಲ.

ಮೊತ್ತದ ಕಥೆ ಇನ್ನೂ ಸುಲಭವಾಗಿ ತಿಳಿಯುವಂಥದ್ದು. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿರುವಾಗ ಯಾರಾದರೂ ಒಂದೇ ಒಂದು ಗಳ ಕಬ್ಬನ್ನು ಮೇಲೆ ಎಸೆದರೆ ಕಾಟಾದ ಅಂಕಿ ಬದಲಾಗುವುದಿಲ್ಲ. ಅದರ ಅಳತೆಯ ಮೆಟ್ಟಿಲಿಗಿಂತ ಆ ಗಳದ ತೂಕ ಕಡಿಮೆ. ಸಾವಿರ ಗಳಗಳನ್ನು ಒಂದೊಂದಾಗಿ ಎಸೆಯುತ್ತ, ಪ್ರತಿ ಸಲವೂ ತೋರಿದ ಅಂಕಿಯನ್ನೇ ಹೊಸ ತೂಕವೆಂದು ಬರೆದುಕೊಳ್ಳುತ್ತ ಹೋದರೆ ಪುಸ್ತಕದಲ್ಲಿ ಒಂದು ಕಿಲೋ ಕೂಡ ಏರುವುದಿಲ್ಲ. 32 ಬಿಟ್ಟಿನ ಫ್ಲೋಟ್‌ನಲ್ಲಿ ಒಂದೊಂದಾಗಿ ಕೂಡಿಸುವುದು ಇದೇ ಲೆಕ್ಕ. 1,67,77,216ಕ್ಕೆ ಒಂದನ್ನು ಕೂಡಿಸಿದರೆ ಅಲ್ಲಿ 1,67,77,216 ಎಂದೇ ಉತ್ತರ. ಚಿತ್ರದ ಪ್ರತಿ ಪಿಕ್ಸೆಲ್ಲೂ 1300 ಎಂದು ಇಟ್ಟುಕೊಂಡು ಒಂದೊಂದಾಗಿ ಕೂಡಿಸುತ್ತ ಹೋದರೆ ಮೊತ್ತ ಎರಡರ 35ನೇ ಘಾತಕ್ಕೆ, ಅಂದರೆ 3,435 ಕೋಟಿ ಚಿಲ್ಲರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲು 4096, ನಮ್ಮ 1300 ಅದರ ಅರ್ಧಕ್ಕೂ ಸಾಲದು. ಆ ನಿಂತ ಮೊತ್ತವನ್ನು 12 ಕೋಟಿ ಚಿಲ್ಲರೆ ಪಿಕ್ಸೆಲ್‌ಗಳಿಂದ ಭಾಗಿಸಿದರೆ ಸರಾಸರಿ 285. ಪ್ರತಿ ಪಿಕ್ಸೆಲ್ಲೂ 1300 ಇರುವ ಚಿತ್ರದ ಸರಾಸರಿ 285! ನಮ್‌ಪೈ ಮುಂತಾದ, ಪೈಥಾನ್ ಭಾಷೆಯ ಸಿದ್ಧ ಕೋಡಿನ ಗ್ರಂಥಾಲಯಗಳು ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಕೂಡಿಸುವುದರಿಂದ ಅನೇಕ ಸಲ ಇದರಿಂದ ಪಾರಾಗುತ್ತೇವೆ, ಆದರೆ ಆ ರಕ್ಷಣೆ ನೆನಪಿನಲ್ಲಿ ಒತ್ತೊತ್ತಾಗಿ ಕುಳಿತ ದಿಕ್ಕಿನಲ್ಲಿ ಕೂಡಿಸಿದಾಗ ಮಾತ್ರ ಸಿಗುತ್ತದೆ. ನಾವೇ ಬರೆದ ಲೂಪಿಗೆ ಅದು ಇಲ್ಲವೇ ಇಲ್ಲ.

ಪೂರ್ಣಾಂಕಗಳಲ್ಲಿಯೇ ಕೂಡಿಸಿದರೆ ಆಯಿತಲ್ಲ ಎಂದು ಅವಳು ಕೇಳಿದಳು. ಅದು ಒಳ್ಳೆಯ ಪ್ರಶ್ನೆ, ಪರಿಹಾರವೂ ಕಡೆಗೆ ಅದೇ ಆಯಿತು, ಆದರೆ ಅಲ್ಲಿಯೂ ಪಾತ್ರೆ ಎಷ್ಟು ದೊಡ್ಡದು ಎಂದು ನೋಡಬೇಕು. ನಮ್‌ಪೈಯ 2024ರ ಎರಡನೇ ಆವೃತ್ತಿಗೆ ಮುಂಚೆ ವಿಂಡೋಸ್ ಯಂತ್ರಗಳಲ್ಲಿ ಸಣ್ಣ ಪೂರ್ಣಾಂಕಗಳ ಮೊತ್ತ 32 ಬಿಟ್ಟಿನ ಪಾತ್ರೆಗೆ ಬೀಳುತ್ತಿತ್ತು, ಲಿನಕ್ಸ್ ಯಂತ್ರಗಳಲ್ಲಿ 64 ಬಿಟ್ಟಿನದಕ್ಕೆ. ಪಾತ್ರೆ ತುಂಬಿದರೆ ಪೂರ್ಣಾಂಕ ಉಕ್ಕುವುದಿಲ್ಲ, ಸೊನ್ನೆಯಿಂದ ಮತ್ತೆ ಎಣಿಸಲು ಶುರುಮಾಡುತ್ತದೆ. ಕಾಲೇಜಿನ ಯಂತ್ರದಲ್ಲಿ 1300 ಎಂದು ಬಂದ ಸರಾಸರಿ, ಮೊತ್ತವನ್ನು ತಾವೇ ತೆಗೆದು ಭಾಗಿಸಿದರೆ, ಮನೆಯ ಯಂತ್ರದಲ್ಲಿ 17.5 ಎಂದು ಬರುತ್ತದೆ. ಒಂದೇ ಕೋಡ್, ಒಂದೇ ಚಿತ್ರ.

ಪಾತ್ರೆಯನ್ನು 64 ಬಿಟ್ಟಿನದೆಂದು ನಾವೇ ಸ್ಪಷ್ಟವಾಗಿ ಹೇಳಿದರೆ ಮಾತ್ರ ನಿಶ್ಚಿಂತೆ. ಪ್ರತಿ ಪಿಕ್ಸೆಲ್ಲೂ 65,535 ಆಗಿದ್ದರೂ, ಇಡೀ ಚಿತ್ರದ ವರ್ಗಗಳ ಮೊತ್ತ ಆ ಪಾತ್ರೆಯ ಹದಿನೇಳನೇ ಒಂದು ಪಾಲನ್ನೂ ತುಂಬುವುದಿಲ್ಲ. ಒಂದು ಅಂಕಿಯೂ ದುಂಡಾಗದೆ ಎರಡು ಮೊತ್ತಗಳು ಕೈಗೆ ಬರುತ್ತವೆ. ಆಮೇಲೆ ಪಿಕ್ಸೆಲ್ ಸಂಖ್ಯೆಯಿಂದ ವರ್ಗಗಳ ಮೊತ್ತವನ್ನು ಗುಣಿಸಿ, ಮೊತ್ತದ ವರ್ಗವನ್ನು ಕಳೆದು, ಕೊನೆಗೆ ಒಮ್ಮೆ ಮಾತ್ರ ಪಿಕ್ಸೆಲ್ ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ಈ ಗುಣಾಕಾರ 64 ಬಿಟ್ಟುಗಳನ್ನು ಮೀರುತ್ತದೆ, ಆದ್ದರಿಂದ ಅದನ್ನು ಪೈಥಾನಿನ ಸ್ವಂತ ಪೂರ್ಣಾಂಕಗಳಲ್ಲಿ ಮಾಡಬೇಕು, ಅವಕ್ಕೆ ಮಿತಿಯಿಲ್ಲ. ಚಿತ್ರದ ಕಚ್ಚಾ ಬೆಲೆಗಳು ಪೂರ್ಣಾಂಕಗಳಾಗಿರುವುದು ನಮ್ಮ ಭಾಗ್ಯ, ಅದನ್ನು ಫ್ಲೋಟ್ ಮಾಡಿ ಕಳೆದುಕೊಳ್ಳುವ ಆತುರ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಲೆಗಳು ಮೊದಲೇ ಭಿನ್ನರಾಶಿಗಳಾಗಿದ್ದರೆ ವೆಲ್‌ಫರ್ಡ್ 1962ರಲ್ಲಿ ಪ್ರಕಟಿಸಿದ ದಾರಿ ಇದೆ: ಪ್ರತಿ ಹೊಸ ಬೆಲೆ ಬಂದಾಗ ಸರಾಸರಿಯನ್ನೂ, ಸರಾಸರಿಯಿಂದ ದೂರಗಳ ವರ್ಗಮೊತ್ತವನ್ನೂ ತಿದ್ದುತ್ತ ಹೋಗುವುದು, ದೊಡ್ಡ ದೊಡ್ಡ ಸಂಖ್ಯೆಗಳನ್ನು ಬೆಳೆಸಿ ಕೊನೆಗೆ ಕಳೆಯುವ ಗೋಜೇ ಇಲ್ಲ. ಪಟ್ಟೆಪಟ್ಟೆಯಾಗಿ ಓದುವವರು ಪ್ರತಿ ಪಟ್ಟೆಗೂ ಪಿಕ್ಸೆಲ್ ಸಂಖ್ಯೆ, ಸರಾಸರಿ, ವರ್ಗಮೊತ್ತ ಎಂಬ ಮೂರನ್ನು ಇಟ್ಟುಕೊಂಡು ಬೆಸೆಯಬಹುದು. ಎರಡು ಪಟ್ಟೆಗಳ ವರ್ಗಮೊತ್ತಗಳಿಗೆ, ಎರಡು ಸರಾಸರಿಗಳ ವ್ಯತ್ಯಾಸದ ವರ್ಗವನ್ನು ಎರಡೂ ಪಿಕ್ಸೆಲ್ ಸಂಖ್ಯೆಗಳ ಗುಣಲಬ್ಧದಿಂದ ಗುಣಿಸಿ ಅವುಗಳ ಮೊತ್ತದಿಂದ ಭಾಗಿಸಿ ಸೇರಿಸಿದರೆ ಸಾಕು. ಬೆಸೆಯುವಾಗ ಪಿಕ್ಸೆಲ್ ಸಂಖ್ಯೆ ಮರೆಯಬಾರದು. ಅವಳ ಇನ್ನೊಂದು ಕೋಷ್ಟಕದಲ್ಲಿ ಪಟ್ಟೆಗಳ ಸರಾಸರಿಗಳ ಸರಾಸರಿ ತೆಗೆದಿದ್ದಳು, ಆದರೆ 10,980 ಎಂಬುದು 512ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಇಪ್ಪತ್ತೊಂದು ತುಂಬು ಪಟ್ಟೆಗಳಾದ ಮೇಲೆ ಉಳಿದದ್ದು 228 ಸಾಲು. ಆ ಗಿಡ್ಡ ಪಟ್ಟೆಗೂ ಉಳಿದವುಗಳಷ್ಟೇ ತೂಕ ಸಿಕ್ಕಿತ್ತು.

ವೇರಿಯನ್ಸ್ ಸರಿಹೋದ ಮೇಲೆ ಊಟಕ್ಕೆ ಏಳಬೇಕಿತ್ತು. ಆದರೆ ಏಳುವ ಮುಂಚೆ, "ತಂಗಿ, ಎನ್‌ಡಿವಿಐದ ಕನಿಷ್ಠ, ಗರಿಷ್ಠ ಎಷ್ಟ್ ಬಂದಾವ ನೋಡು" ಎಂದೆ. ಎನ್‌ಡಿವಿಐ ಎಂದರೆ ಹಸಿರಿನ ಸೂಚ್ಯಂಕ: ಅವಕೆಂಪಿನಿಂದ ಕೆಂಪನ್ನು ಕಳೆದು ಎರಡರ ಮೊತ್ತದಿಂದ ಭಾಗಿಸುವುದು. ಪ್ರತಿಫಲನ, ಅಂದರೆ ನೆಲ ಹಿಂದಕ್ಕೆ ಕಳಿಸುವ ಬೆಳಕಿನ ಪಾಲು, ಋಣವಾಗದಿದ್ದರೆ ಇದು −1 ಮತ್ತು 1ರ ನಡುವೆಯೇ ಇರಬೇಕು. ಅವಳ ಗರಿಷ್ಠ 80 ದಾಟಿತ್ತು. ಜಾಗ ಹುಡುಕಿದರೆ ಅದು ಹಿನ್ನೀರಿನ ನಟ್ಟನಡುವೆ, ಒಂದು ಹುಲ್ಲುಕಡ್ಡಿಯೂ ಇಲ್ಲದಲ್ಲಿ! ನೀರು ಅವಕೆಂಪನ್ನು ಹೀರಿಕೊಳ್ಳುವುದರಿಂದ ಅಲ್ಲಿ ಕೆಂಪೇ ಹೆಚ್ಚು. ಅವಕೆಂಪು 300, ಕೆಂಪು 500 ಇದ್ದರೆ ವ್ಯತ್ಯಾಸ −200. ಚಿಹ್ನೆಯಿಲ್ಲದ ಪೂರ್ಣಾಂಕಕ್ಕೆ ಋಣ ಎಂಬುದೇ ಗೊತ್ತಿಲ್ಲದ ಕಾರಣ ಅದು ಮೇಲಿನಿಂದ ಸುತ್ತಿ ಬಂದು 65,336 ಆಗುತ್ತದೆ, 800ರಿಂದ ಭಾಗಿಸಿದರೆ 81.67. ಕಳೆಯುವ ಮುಂಚೆ ಚಿಹ್ನೆಯಿರುವ 32 ಬಿಟ್ಟಿಗೆ ಬದಲಾಯಿಸಿದರೆ ಇದು ಮುಗಿಯಿತು. ಎಲೆಗಳ ಫೋಟೋ ತೆಗೆದು ರೋಗ ಗುರುತಿಸುವವರಿಗೆ 8 ಬಿಟ್ಟಿನ ಚಿತ್ರಗಳಲ್ಲಿ ಇದೇ ಕಾಟ ಇನ್ನೂ ಬೇಗ ಎದುರಾಗುತ್ತದೆ. ಅಲ್ಲಿ 200 ಮತ್ತು 100 ಕೂಡಿದರೆ ನಮ್‌ಪೈಯಲ್ಲಿ 44, ಚಿತ್ರಗಳ ಕೆಲಸಕ್ಕೆಂದೇ ಇರುವ ಓಪನ್‌ಸಿವಿಯ ಕೂಡಿಸುವ ಆದೇಶದಲ್ಲಿ 255; ಎರಡೂ 300 ಅಲ್ಲ.

ಊಟವಾದ ಮೇಲೆ ಕಬ್ಬಿನ ಕೋಷ್ಟಕ ತೆರೆದೆವು. ಅಲ್ಲಿ ಯಾವ ಸಂಖ್ಯೆಯೂ ಮಿತಿ ಮೀರಿರಲಿಲ್ಲ, ನ್ಯಾನ್ ಇರಲಿಲ್ಲ, ಎಲ್ಲವೂ ಅಚ್ಚುಕಟ್ಟು. 2021ರ ಚಿತ್ರದಲ್ಲಿ ದಂಡೆಯ ಕಬ್ಬಿನ ಸರಾಸರಿ ಎನ್‌ಡಿವಿಐ 0.80ರ ಹತ್ತಿರ, 2023ರ ಚಿತ್ರದಲ್ಲಿ 0.53ರ ಹತ್ತಿರ. 2023 ಎಂದರೆ ಮಳೆ ಕೈಕೊಟ್ಟ ವರ್ಷ, ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷ. ಅವಳು ಆಗಲೇ ಎರಡು ಪುಟ ವಿವರಣೆ ಬರೆದುಬಿಟ್ಟಿದ್ದಳು, ಓದಿದರೆ ಯಾರೂ ಒಪ್ಪುವಂತಿತ್ತು. ನಾನೂ ಒಪ್ಪುತ್ತಿದ್ದೆನೋ ಏನೋ, ಆದರೆ ಅವಳು ಆರಿಸಿಕೊಂಡ ಹೊಲಗಳಲ್ಲಿ ನಮ್ಮ ಬೀಗರ ಹೊಲವೂ ಒಂದಿತ್ತು. ನದಿಗೆ ಪಂಪ್ ಇಟ್ಟು ನೀರು ಹಾಯಿಸುವ ಹೊಲ ಅದು. ಆ ವರ್ಷ ಆ ಕಬ್ಬನ್ನು ನಾನು ಕಣ್ಣಾರೆ ನೋಡಿದ್ದೆ, ಎದೆಗಿಂತ ಎತ್ತರಕ್ಕೆ ಕಡುಹಸಿರಾಗಿ ನಿಂತಿತ್ತು. ಅದಕ್ಕೆ 0.53 ಬರುವುದು ಹೇಗೆ?

ಆ ಹೊಲದ ನಡುವಿನ ಒಂದೇ ಒಂದು ಪಿಕ್ಸೆಲ್ ತೆಗೆದು ಬರೆದುಕೊಂಡೆವು: ಕೆಂಪು 1400, ಅವಕೆಂಪು 4600. ವ್ಯತ್ಯಾಸ 3200, ಮೊತ್ತ 6000, ಭಾಗಿಸಿದರೆ 0.533. ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾವು ಕೊಟ್ಟ ಸಂಖ್ಯೆಗಳೇ ಪ್ರತಿಫಲನದ ಸಂಖ್ಯೆಗಳಾಗಿರಲಿಲ್ಲ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಚಿತ್ರಗಳ ಸಂಸ್ಕರಣೆಯ 04.00 ಆವೃತ್ತಿ ಜಾರಿಗೆ ಬಂದಾಗ ಪ್ರತಿ ಬೆಲೆಗೂ 1000 ಕೂಡಿಸಿ ಇಡುವ ಪದ್ಧತಿ ಆರಂಭವಾಯಿತು. ಕಪ್ಪು ನೀರಿನಂಥ ಜಾಗಗಳಲ್ಲಿ ವಾತಾವರಣದ ತಿದ್ದುಪಡಿಯ ನಂತರ ಬರುವ ಸಣ್ಣ ಋಣ ಬೆಲೆಗಳನ್ನು ಕತ್ತರಿಸದೆ ಉಳಿಸಿಕೊಳ್ಳಲು ಹಾಗೆ ಮಾಡಿದ್ದಾರೆ, ಉದ್ದೇಶ ಒಳ್ಳೆಯದೇ. ಬಳಸುವವರು 1000 ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು. ಕಳೆದರೆ ಕೆಂಪು 400, ಅವಕೆಂಪು 3600. ವ್ಯತ್ಯಾಸ ಮೊದಲಿನಂತೆಯೇ 3200, ಮೊತ್ತ ಮಾತ್ರ 4000, ಭಾಗಲಬ್ಧ 0.80. ಅಂಶದಲ್ಲಿ ಎರಡು ಸಾವಿರಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಛೇದದಲ್ಲಿ ಅವು ಕೂಡಿ ಎರಡು ಸಾವಿರವಾಗುತ್ತವೆ. ಹೊಲದಲ್ಲಿ ಇಲ್ಲದ ಬರ ಹುಟ್ಟಿದ್ದು ಆ ಛೇದದಲ್ಲಿ. ನಿಜವಾದ ಬರ ಸುತ್ತಮುತ್ತ ಇದ್ದದ್ದರಿಂದಲೇ ಈ ಸುಳ್ಳು ಬರವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ, ಏಕೆಂದರೆ ಇಂಥ ಕೋಷ್ಟಕಗಳನ್ನು ನೋಡಿಯೇ ಯಾರಿಗೋ ಪರಿಹಾರ ಸಿಗುತ್ತದೆ, ಯಾರಿಗೋ ತಪ್ಪುತ್ತದೆ.

ದಿನಾಂಕ ನೋಡಿ 1000 ಕಳೆಯುವ ಷರತ್ತು ಬರೆಯಲು ಅವಳು ಹೊರಟಳು, ತಡೆದೆ. ಹಳೆಯ ಚಿತ್ರಗಳನ್ನೂ ಇತ್ತೀಚೆಗೆ ಹೊಸ ಪದ್ಧತಿಯಲ್ಲಿ ಮರುಸಂಸ್ಕರಿಸಿ ಕೊಡುತ್ತಿದ್ದಾರೆ, ಆದ್ದರಿಂದ 2021ರ ಚಿತ್ರದಲ್ಲಿಯೂ 1000 ಸೇರಿರಬಹುದು. ಚಿತ್ರದ ಹೆಸರಿನಲ್ಲಿ 'ಎನ್' ಅಕ್ಷರದ ಮುಂದಿನ ನಾಲ್ಕು ಅಂಕಿಗಳು ಸಂಸ್ಕರಣೆಯ ಆವೃತ್ತಿಯನ್ನು ಹೇಳುತ್ತವೆ, 0400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಳೆಯಬೇಕು. ಅವಳ 2021ರ ಚಿತ್ರ 0301 ಆಗಿತ್ತು, ಹೊಸದು 0509.

ಇಲ್ಲಿ ಒಂದು ತಿದ್ದುಪಡಿ ಇನ್ನೊಂದು ತಪ್ಪನ್ನು ಹೆತ್ತಿತು, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಅವಳು 1000ವನ್ನು ಕಚ್ಚಾ 16 ಬಿಟ್ಟಿನಲ್ಲಿಯೇ ಕಳೆದಳು. ನೀರಿನ ಮೇಲೆ 950 ಇದ್ದ ಪಿಕ್ಸೆಲ್ −50 ಆಗುವ ಬದಲು 65,486 ಆಯಿತು, ಬೆಳಿಗ್ಗೆಯ ಭೂತವೇ ಮತ್ತೆ. ಅದು ತಕ್ಷಣ ಕಂಡಿತು. ಕಾಣದೇ ಹೋದದ್ದು ಸೊನ್ನೆಗಳ ವಿಷಯ. ಉಪಗ್ರಹದ ದಾರಿಯ ಅಂಚು ಹಾದುಹೋಗುವಲ್ಲಿ ಚಿತ್ರದ ಒಂದು ಮೂಲೆ ಕಪ್ಪಾಗಿ ಉಳಿಯುತ್ತದೆ, ಅಲ್ಲಿ ದತ್ತಾಂಶವಿಲ್ಲ ಎಂಬುದಕ್ಕೆ ಗುರುತಾಗಿ 0 ಇಟ್ಟಿರುತ್ತಾರೆ. 1000 ಕಳೆಯದಿದ್ದಾಗ ಅಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ನ್ಯಾನ್ ಬರುತ್ತಿತ್ತು, ನ್ಯಾನ್ ಬಿಟ್ಟು ಸರಾಸರಿ ತೆಗೆಯುವ ಆದೇಶ ಅದನ್ನು ಹೊರಗಿಡುತ್ತಿತ್ತು. 1000 ಕಳೆದ ಮೇಲೆ ಎರಡೂ ಪಟ್ಟಿಗಳಲ್ಲಿ −1000. ವ್ಯತ್ಯಾಸ 0, ಮೊತ್ತ −2000, ಭಾಗಲಬ್ಧ ಸೊನ್ನೆ. ಬರಿದಾದ ಜಾಗ ಈಗ ಎನ್‌ಡಿವಿಐ ಸೊನ್ನೆಯ ನೆಲವಾಗಿ, ಯಾವ ಸದ್ದೂ ಇಲ್ಲದೆ, ಸರಾಸರಿಯ ಪಂಕ್ತಿಯಲ್ಲಿ ಬಂದು ಕುಳಿತಿತು. ಆರಿಸಿದ ಪ್ರದೇಶದ ಕಾಲುಭಾಗ ಆ ಮೂಲೆಗೆ ಸೇರಿದ್ದರೆ 0.80 ಎಂಬುದು 0.60 ಆಗಿಬಿಡುತ್ತದೆ. ಹಾಗಾಗಿ ಕ್ರಮವೇ ಇಲ್ಲಿ ಮುಖ್ಯ: ಮೊದಲು ಸೊನ್ನೆಗಳನ್ನು ಗುರುತು ಹಾಕಿ ಬದಿಗಿಡಬೇಕು, ಆಮೇಲೆ ಚಿಹ್ನೆಯಿರುವ ಪೂರ್ಣಾಂಕಕ್ಕೆ ಬದಲಾಯಿಸಬೇಕು, ಅನಂತರ 1000 ಕಳೆಯಬೇಕು, ಭಾಗಾಕಾರ ಕೊನೆಗೆ. ಗುರುತು ಹಾಕುವಾಗ ನ್ಯಾನ್‌ಗೆ ಸಮವೇ ಎಂದು ಹೋಲಿಸಿ ಪ್ರಯೋಜನವಿಲ್ಲ, ನ್ಯಾನ್ ತನಗೆ ತಾನೇ ಸಮವಲ್ಲ. ಅದಕ್ಕೆಂದೇ ಇರುವ ಪರೀಕ್ಷೆಯನ್ನು ಬಳಸಬೇಕು.

ನೀರಿನ ಮೇಲೆ ಇನ್ನೊಂದು ತೊಡಕು ಉಳಿದಿತ್ತು. 1000 ಸರಿಯಾಗಿ ಕಳೆದ ಮೇಲೆ ಕೆಲವು ಪಿಕ್ಸೆಲ್‌ಗಳಲ್ಲಿ ಅವಕೆಂಪು −3, ಕೆಂಪು 5 ಎಂಬಂಥ ಬೆಲೆಗಳಿದ್ದವು. ಅಲ್ಲಿ ಸೂಚ್ಯಂಕ −8ನ್ನು 2ರಿಂದ ಭಾಗಿಸಿ −4 ಬರುತ್ತದೆ. ಇದು ಲೆಕ್ಕದ ತಪ್ಪಲ್ಲ, ಛೇದ ಸೊನ್ನೆಯ ಹತ್ತಿರ ಹೋದಾಗ ಭಾಗಲಬ್ಧ ಹೀಗೆಯೇ ಹಾರಾಡುತ್ತದೆ. ಇಂಥ ನೂರು ಪಿಕ್ಸೆಲ್‌ಗಳು ಹಿನ್ನೀರಿನ ಸರಾಸರಿಯನ್ನು ಎಳೆದಾಡಿಬಿಡುತ್ತವೆ, ಆದ್ದರಿಂದ ನೀರಿಗೆ ಮಧ್ಯಾಂಕ ಬಳಸುವುದೇ ಮೇಲು ಎಂದು ಹೇಳಿದೆ.

ಮೂರು ದಿನದ ನಂತರ ಬೆಳಗಾವಿಯಿಂದ ಅವಳ ಫೋನ್ ಬಂತು. ಅದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿದ್ದಳು: ಒಂದರಲ್ಲಿ 64 ಬಿಟ್ಟಿನ ಪೂರ್ಣಾಂಕ ಮೊತ್ತಗಳು, ಇನ್ನೊಂದರಲ್ಲಿ 0ಯಿಂದ 65,535ರವರೆಗೆ ಪ್ರತಿ ಬೆಲೆಯೂ ಎಷ್ಟು ಸಲ ಬಂದಿದೆ ಎಂದು ಎಣಿಸಿಟ್ಟ ಪಟ್ಟಿ. ಎರಡರಿಂದಲೂ ಬಂದ ವರ್ಗಗಳ ಮೊತ್ತವನ್ನು ಅವಳು ಫೋನಿನಲ್ಲಿ ಒಂದೊಂದೇ ಅಂಕಿಯಾಗಿ ಓದಿದಳು, ನಾನು ಇತ್ತ ಕಾಗದದ ಮೇಲೆ ಒಂದರ ಕೆಳಗೊಂದು ಬರೆದುಕೊಂಡೆ. ಬಿಡಿಸ್ಥಾನದವರೆಗೆ ಒಂದಂಕಿಯೂ ಬೇರೆಯಾಗಲಿಲ್ಲ. ಬರದ ಎರಡು ಪುಟಗಳನ್ನು ಅವಳು ತೆಗೆದುಹಾಕಿದ್ದಳು. ಆ ಜಾಗದಲ್ಲಿ ಬೀಗರ ಹೊಲದ ಆ ಒಂದು ಪಿಕ್ಸೆಲ್ಲನ್ನು, 1400 ಮತ್ತು 4600 ಎಂಬ ಎರಡು ಸಂಖ್ಯೆಗಳನ್ನು, ಕೈಲೆಕ್ಕದ ಸಮೇತ ಇಟ್ಟಿದ್ದಾಳೆ.